ಚಕ್ಕುಬಂದಿಯ ಧರ್ಮ

ಮನೆಯ ಕ್ರಯಪತ್ರವನ್ನು ಓದಿದವರಿಗೆ ಅದರ ಕೊನೆಯಲ್ಲಿರುವ ಷೆಡ್ಯೂಲು ಪರಿಚಿತವೇ ಆಗಿರುತ್ತದೆ. ನಿವೇಶನದ ಸಂಖ್ಯೆ ಮತ್ತು ಅಳತೆಗಳ ಬಳಿಕ ಅಲ್ಲಿ ಚಕ್ಕುಬಂದಿಯನ್ನು ಬರೆದಿರುತ್ತಾರೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ. ಜೀವಮಾನದ ಗಳಿಕೆಯನ್ನು ತೆತ್ತು ನಾವು ಕೊಂಡ ವಸ್ತುವನ್ನು ಗುರುತಿಸುವುದಕ್ಕೆ ಕಾನೂನು ಆಶ್ರಯಿಸುವುದು ನಮ್ಮದಲ್ಲದ ನಾಲ್ಕು ವಸ್ತುಗಳನ್ನು. ನೆರೆಯವರ ಎಲ್ಲೆ ಅಳಿಸಿಹೋದರೆ ನಮ್ಮ ಎಲ್ಲೆಯೂ ಅಳಿಸಿಹೋಗುತ್ತದೆ.

ಇದು ಇಂದಿನ ನೋಂದಣಿ ಕಚೇರಿಗಳು ಕಂಡುಹಿಡಿದ ಕ್ರಮವಲ್ಲ. ಕನ್ನಡ ನಾಡಿನ ಬಸದಿಗಳಿಗೆ ಭೂಮಿಯನ್ನು ಬಿಟ್ಟ ಶಾಸನಗಳಲ್ಲಿಯೂ ದತ್ತಿಯ ಎಲ್ಲೆಗಳನ್ನು ದಿಕ್ಕು ದಿಕ್ಕಿಗೆ ಹೆಸರಿಸಿರುವುದನ್ನು ಕಾಣುತ್ತೇವೆ: ಇಲ್ಲಿ ಕೆರೆ, ಅಲ್ಲಿ ಹಳ್ಳ, ಮುಂದೆ ಮರ, ಆಚೆ ನೆಟ್ಟ ಕಲ್ಲು. ಮುಕ್ಕೊಡೆಯನ್ನು ಕೆತ್ತಿದ ಕಲ್ಲುಗಳಿಂದ ಬಸದಿಯ ಭೂಮಿಯನ್ನು ಗುರುತಿಸುವ ರೂಢಿಯೂ ಇದ್ದಿತು. ಅಂಥ ಎಲ್ಲೆಕಲ್ಲಿಗೆ ಎರಡು ಮುಖಗಳುಂಟು. ಹೊರಗಿನವನಿಗೆ ಅದು ‘ಇಲ್ಲಿಂದ ಒಳಗೆ ಬರಬೇಡ’ ಎಂದು ಹೇಳುತ್ತದೆ. ಒಳಗಿನವನಿಗೆ ‘ಇಲ್ಲಿಂದ ಆಚೆಗೆ ಹೋಗಬೇಡ’ ಎಂದು ಹೇಳುತ್ತದೆ. ಮೊದಲನೆಯ ಮಾತನ್ನು ನಾವೆಲ್ಲರೂ ಚೆನ್ನಾಗಿ ಕೇಳಿಸಿಕೊಂಡಿದ್ದೇವೆ. ಅದಕ್ಕಾಗಿ ಕಾಂಪೌಂಡು ಗೋಡೆಯನ್ನು ಎತ್ತರಿಸುತ್ತೇವೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತೇವೆ. ಎರಡನೆಯ ಮಾತೇ ಶ್ರಾವಕನ ವ್ರತ. ನಗರದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ಜೈನ ಕುಟುಂಬಗಳು ಈ ಎರಡನೆಯ ಮಾತನ್ನು ಎಷ್ಟರಮಟ್ಟಿಗೆ ಕೇಳಿಸಿಕೊಂಡಿವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕ್ಷೇತ್ರ ಮತ್ತು ವಾಸ್ತು

ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸುವಾಗ ನಮ್ಮ ಆಚಾರ್ಯರು ಮೊದಲು ಹೇಳುವುದು ಕ್ಷೇತ್ರವನ್ನು ಮತ್ತು ವಾಸ್ತುವನ್ನು. ಹಿರಣ್ಯ ಸುವರ್ಣಗಳು, ಧನ ಧಾನ್ಯಗಳು ಆಮೇಲೆ ಬರುತ್ತವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗಲೂ ಇದೇ ಕ್ರಮವನ್ನು ಅನುಸರಿಸಿದ್ದಾರೆ. ಕ್ಷೇತ್ರವೆಂದರೆ ಬೆಳೆ ಬೆಳೆಯುವ ಭೂಮಿ. ವಾಸ್ತುವೆಂದರೆ ವಾಸದ ಮನೆ. ಒಂದು ಹೊಟ್ಟೆಯನ್ನು ಹೊರೆಯುವುದಕ್ಕೆ, ಇನ್ನೊಂದು ಮೈಯನ್ನು ಮಳೆಗಾಳಿಗಳಿಂದ ಕಾಯುವುದಕ್ಕೆ. ಇಂದಿನ ಬಡಾವಣೆಯ ನಿವೇಶನದಲ್ಲಿ ಇವೆರಡೂ ಬೆರೆತುಹೋಗಿವೆ. ಅದು ವಾಸಕ್ಕೂ ಒದಗುತ್ತದೆ, ಬೆಳೆಯನ್ನೂ ಕೊಡುತ್ತದೆ. ಆ ಬೆಳೆ ರಾಗಿಯಲ್ಲ, ಭತ್ತವಲ್ಲ. ಬೆಲೆಯೇ ಅಲ್ಲಿನ ಬೆಳೆ.

ಶ್ರಾವಕನಿಗೆ ಎಷ್ಟು ಅಡಿಯ ಮನೆ ಸಾಕೆಂದು ಯಾವ ಆಚಾರ್ಯರೂ ವಿಧಿಸಲಿಲ್ಲ. ಅಳತೆಯನ್ನು ಅವನ ವಿವೇಕಕ್ಕೆ ಬಿಟ್ಟರು. ಆದರೆ ಅಳತೆಯೊಂದನ್ನು ಮಾಡಿಕೊಳ್ಳಲೇಬೇಕೆಂದರು. ಪರಿಗ್ರಹದ ತಿರುಳು ವಸ್ತುವಿನಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆ ಎಂದು ಸೂತ್ರಕಾರರೇ ಹೇಳಿರುವುದನ್ನು ಹಿಡಿದುಕೊಂಡು ಕೆಲವರು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದಾರೆ. ಮಮತೆಯಿಲ್ಲದಿದ್ದರೆ ನಾಲ್ಕು ಮನೆಗಳಿದ್ದರೂ ದೋಷವಿಲ್ಲ ಎಂಬುದು ಅವರ ವಾದ. ಮಮತೆಯಿಲ್ಲದ ನಾಲ್ಕನೆಯ ಮನೆಯನ್ನು ಕೊಳ್ಳುವ ಶ್ರಮವನ್ನು ಯಾರು ಏತಕ್ಕಾಗಿ ಪಟ್ಟರು ಎಂದು ಅವರನ್ನು ಕೇಳಬೇಕಾಗುತ್ತದೆ. ಒಳಗಿನ ಮೂರ್ಛೆ ಕಣ್ಣಿಗೆ ಕಾಣುವಂಥದಲ್ಲ. ಅದಕ್ಕಾಗಿಯೇ ಹೊರಗಿನ ಅಳತೆಯನ್ನು ಕೊಟ್ಟಿರುವುದು. ವ್ರತದ ಹೆಸರಿನಲ್ಲಿಯೇ ‘ಪರಿಮಾಣ’ವಿದೆ ಎಂಬುದನ್ನು ಮರೆಯಲಾಗದು.

ಗೋಡೆ ಒಡೆದರೆ ಒಂದೇ ಮನೆ

ಈ ವ್ರತವನ್ನು ಕೈಕೊಂಡ ಗೃಹಸ್ಥನು ಮಾತಿಗೆ ತಪ್ಪದೆ ವ್ರತಕ್ಕೆ ತಪ್ಪುವ ಬಗೆಗಳನ್ನು ನಮ್ಮ ಹಿಂದಿನವರು ಬಲು ಸೂಕ್ಷ್ಮವಾಗಿ ಬಲ್ಲವರಾಗಿದ್ದರು. ಶ್ವೇತಾಂಬರ ಪರಂಪರೆಯಲ್ಲಿ 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ, ದಿಗಂಬರ ಪರಂಪರೆಯಲ್ಲಿ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತ, ಇವೆರಡರಲ್ಲೂ ಈ ವಿಚಾರ ಬಂದಿದೆ. ಒಂದೇ ಮನೆ ಸಾಕೆಂದು ವ್ರತ ಹಿಡಿದವನು ಆಸೆ ಹೆಚ್ಚಿದಾಗ ಪಕ್ಕದ ಮನೆಯನ್ನು ಕೊಳ್ಳುತ್ತಾನೆ, ನಡುವಣ ಗೋಡೆಯನ್ನು ಒಡೆಯುತ್ತಾನೆ, ಈಗಲೂ ತನ್ನದು ಒಂದೇ ಮನೆ ಎನ್ನುತ್ತಾನೆ. ಹೊಲವಾದರೆ ನಡುವಣ ಬೇಲಿಯನ್ನು ಕೀಳುತ್ತಾನೆ. ಬೆಳ್ಳಿ ಬಂಗಾರ ಮಿತಿ ಮೀರಿದರೆ ಹೆಂಡತಿಯ ಕೈಯಲ್ಲೋ ಮತ್ತೊಬ್ಬರ ಬಳಿಯಲ್ಲೋ ಇಡುತ್ತಾನೆ. ಧಾನ್ಯವಾದರೆ ಕೊಳ್ಳದೆ, ಮಾತು ಕಟ್ಟಿ, ವ್ರತದ ಅವಧಿ ಮುಗಿಯುವ ತನಕ ಮಾರುವವನ ಮನೆಯಲ್ಲಿಯೇ ಇರಿಸುತ್ತಾನೆ. ಮಾತಿನಲ್ಲಿ ವ್ರತ ಮುರಿದಿಲ್ಲ, ಭಾವದಲ್ಲಿ ಮುರಿದಿದೆ. ಆದ್ದರಿಂದ ಇದು ಅತಿಚಾರ.

ಎಂಟುನೂರು ವರ್ಷಗಳ ಹಿಂದಿನ ಈ ಮಾತುಗಳನ್ನು ಓದುವಾಗ ಇಂದಿನ ಬಡಾವಣೆಯ ವ್ಯವಹಾರವನ್ನೇ ಕಂಡು ಬರೆದಂತಿದೆ ಎನ್ನಿಸುವುದು ಸಹಜ. ಗೋಡೆ ಒಡೆದು ಜೋಡಿಸುವುದಕ್ಕೆ ಈಗ ಖಾತೆಗಳನ್ನು ಒಂದುಗೂಡಿಸುವುದು ಎನ್ನುತ್ತೇವೆ. ಮತ್ತೊಬ್ಬರ ಬಳಿ ಇಡುವುದಕ್ಕೆ ಹೆಂಡತಿಯ, ಮಗನ, ಸೊಸೆಯ ಹೆಸರಿಗೆ ನೋಂದಾಯಿಸುವುದು ಎನ್ನುತ್ತೇವೆ. ಮಾತು ಕಟ್ಟುವುದಕ್ಕೆ ಮುಂಗಡ ಕೊಟ್ಟು ಅಗ್ರಿಮೆಂಟು ಹಾಕಿಕೊಳ್ಳುವುದು ಎನ್ನುತ್ತೇವೆ. ಹೆಸರುಗಳು ಬದಲಾಗಿವೆ, ಭಾವ ಬದಲಾಗಿಲ್ಲ.

ಉದಾಹರಣೆಗಾಗಿ ಒಂದು ಸಾಮಾನ್ಯ ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. 1948ರಲ್ಲಿ ಆರಂಭವಾದ ಬೆಂಗಳೂರಿನ ಜಯನಗರದಂಥ ಹಳೆಯ ಬಡಾವಣೆ. 40 ಅಡಿ ಅಗಲ, 60 ಅಡಿ ಉದ್ದದ ನಿವೇಶನದಲ್ಲಿ ಒಬ್ಬ ಶ್ರಾವಕನ ಮನೆ. ಮುನಿಗಳ ಸನ್ನಿಧಿಯಲ್ಲಿ ಆತನು ಒಂದೇ ಮನೆಯ ಪರಿಮಾಣವನ್ನು ಹಿಡಿದಿದ್ದಾನೆ. ಪಕ್ಕದ ಮನೆಯಲ್ಲಿರುವ ವಿಧವೆಗೆ ವಯಸ್ಸಾಗಿದೆ. ಆಕೆಯ ಮಕ್ಕಳು ದೂರದೇಶದಲ್ಲಿದ್ದಾರೆ. ಮನೆಯನ್ನು ಮಾರುವ ಮಾತು ಬಂದಿದೆ. ಶ್ರಾವಕನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಹೇಳುತ್ತಾನೆ: ‘ಅಪ್ಪಾಜಿ, ನಾವು ಕೊಳ್ಳದಿದ್ದರೆ ಬಿಲ್ಡರ್ ಕೊಳ್ಳುತ್ತಾನೆ. ನಮ್ಮ ಪಕ್ಕದಲ್ಲಿ ಐದು ಅಂತಸ್ತು ಏಳುತ್ತದೆ.’ ಕಿರಿಯವನು ಹೇಳುತ್ತಾನೆ: ‘ನನ್ನ ಹೆಸರಿಗೆ ಮಾಡಿಸಿ. ನಿಮ್ಮ ವ್ರತಕ್ಕೂ ಭಂಗ ಬಾರದು.’

ಈ ಮಾತುಗಳನ್ನು ಕೇವಲ ದುರಾಸೆಯೆಂದು ತಳ್ಳಿಹಾಕುವುದು ಸರಿಯಲ್ಲ. ಸಂಸಾರ ಬೆಳೆಯುತ್ತದೆ, ಅಣ್ಣತಮ್ಮಂದಿರು ಹತ್ತಿರದಲ್ಲಿದ್ದರೆ ಮುಪ್ಪಿನಲ್ಲಿ ತಂದೆತಾಯಿಗಳಿಗೆ ಆಸರೆಯಾಗುತ್ತದೆ, ಪಿಂಚಣಿಯಿಲ್ಲದವರಿಗೆ ಬಾಡಿಗೆಯೇ ಊಟದ ದಾರಿ. ಧರ್ಮವು ಗೃಹಸ್ಥನನ್ನು ಬೀದಿಗೆ ತಳ್ಳುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮಗನು ತನ್ನ ದುಡಿಮೆಯಿಂದ, ತನ್ನ ವಾಸಕ್ಕೆಂದು ಕೊಂಡರೆ ಅದು ಆತನ ಪರಿಗ್ರಹ. ಆತನ ಪರಿಮಾಣವನ್ನು ಆತನೇ ಮಾಡಿಕೊಳ್ಳಬೇಕು. ತಂದೆಯ ಹಣ, ತಂದೆಯ ಅಪೇಕ್ಷೆ, ಮಗನ ಸಹಿ ಎಂದಾದರೆ ಅದು ಹೇಮಚಂದ್ರಾಚಾರ್ಯರೂ ಆಶಾಧರರೂ ಕಂಡ ಅದೇ ಹಳೆಯ ಉಪಾಯ. ಇವೆರಡಕ್ಕೂ ನಡುವಣ ವ್ಯತ್ಯಾಸವನ್ನು ನೋಂದಣಿ ಅಧಿಕಾರಿಯು ಗುರುತಿಸಲಾರ. ಆ ಶ್ರಾವಕನು ಮಾತ್ರ ಗುರುತಿಸಬಲ್ಲ. ಸಾಮಾಯಿಕದಲ್ಲಿ ಕುಳಿತಾಗ ಅವನ ಮನಸ್ಸು ಪಕ್ಕದ ಮನೆಯ ಅಳತೆಯನ್ನು ಹಾಕುತ್ತಿದ್ದರೆ ಉತ್ತರ ಸಿಕ್ಕಿದಂತೆಯೇ.

ಇನ್ನು ಆ ವೃದ್ಧೆಯ ವಿಷಯ. ಪ್ರಸಂಗವನ್ನು ಹೇಳುವಾಗ ನಾವೆಲ್ಲರೂ ಆಕೆಯ ಮನೆಯ ಬಗ್ಗೆ ಮಾತನಾಡಿದೆವು, ಆಕೆಯ ಬಗ್ಗೆ ಮಾತನಾಡಲಿಲ್ಲ. ಆಕೆಗೆ ಮನೆಯನ್ನು ಮಾರುವ ಇಚ್ಛೆಯಿದೆಯೆ, ಅಥವಾ ಒಂಟಿತನಕ್ಕೆ ಅಂಜಿ ಮಾರುತ್ತಿದ್ದಾಳೆಯೆ? ರಾತ್ರಿ ಎದೆನೋವು ಬಂದರೆ ಕರೆದಾಗ ಬರುವವರೊಬ್ಬರು ಗೋಡೆಯಾಚೆ ಇದ್ದಾರೆಂಬ ಧೈರ್ಯವಿದ್ದರೆ ಆಕೆ ಆ ಮನೆಯಲ್ಲಿಯೇ ಉಳಿಯುತ್ತಿದ್ದಳೇನೋ. ನೆರೆಯವನಾಗಿ ಮಾಡಬೇಕಾದುದನ್ನು ಮಾಡದೆ ಖರೀದಿದಾರನಾಗಿ ಮೊದಲು ಬಾಗಿಲು ತಟ್ಟುವುದು ಯಾವ ಧರ್ಮ? ಜೀವಿಗಳು ಪರಸ್ಪರ ಉಪಕಾರದಿಂದ ಬಾಳತಕ್ಕವೆಂಬ ಉಮಾಸ್ವಾಮಿಗಳ ಉಪದೇಶವನ್ನು ನಾವು ನಮ್ಮ ಲಾಂಛನದ ಕೆಳಗೆ ಬರೆದುಕೊಂಡಿದ್ದೇವೆ. ಅದು ಮೊದಲು ಅನ್ವಯಿಸಬೇಕಾದುದು ಚಕ್ಕುಬಂದಿಯ ನಾಲ್ಕು ದಿಕ್ಕಿನವರಿಗೆ.

ಮೇಲೆ, ಕೆಳಗೆ, ಅಡ್ಡಕ್ಕೆ

ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ಹೋಗಿಬರುವ ದೂರಕ್ಕೆ ಮಿತಿಯನ್ನು ಹಾಕುತ್ತದೆ. ಅದರ ಅತಿಚಾರಗಳನ್ನು ಹೇಳುವಾಗ ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಕ್ಕೆ ಮೀರುವುದು ಎಂದು ಮೂರನ್ನು ಬೇರೆ ಬೇರೆಯಾಗಿ ಎಣಿಸಿ, ಬಳಿಕ ಕ್ಷೇತ್ರವೃದ್ಧಿಯನ್ನೂ, ಮಾಡಿಕೊಂಡ ಮಿತಿಯನ್ನೇ ಮರೆಯುವುದನ್ನೂ ಸೇರಿಸಿದ್ದಾರೆ. ಈ ವ್ರತವನ್ನು ಕಟ್ಟಡಗಳಿಗಾಗಿ ಹೇಳಿದುದಲ್ಲ. ಆದರೂ ನಗರದಲ್ಲಿ ಮನುಷ್ಯನು ತಾನು ಹೋಗದ ದೂರಕ್ಕೂ ತನ್ನ ಮನೆಯನ್ನು ಕಳುಹಿಸುತ್ತಾನೆ. ಆದಕಾರಣ ಈ ಮೂರು ದಿಕ್ಕುಗಳಲ್ಲಿ ಮನೆಯನ್ನು ಪರೀಕ್ಷಿಸುವುದು ಉಚಿತವಾಗಿದೆ.

ಮೇಲಕ್ಕೆ: ಅನುಮತಿಯಿರುವುದು ಎರಡು ಅಂತಸ್ತಿಗೆ, ಕಟ್ಟುವುದು ನಾಲ್ಕು. ಪಕ್ಕದವರ ಅಂಗಳಕ್ಕೆ ಬೀಳುತ್ತಿದ್ದ ಬೆಳಗಿನ ಬಿಸಿಲು ನಿಂತುಹೋಗುತ್ತದೆ. ಆ ಬಿಸಿಲು ಯಾವ ಕ್ರಯಪತ್ರದಲ್ಲಿಯೂ ಬರೆದ ಆಸ್ತಿಯಲ್ಲ; ಅವರು ಅದನ್ನು ನಮಗೆ ಕೊಟ್ಟಿರಲೂ ಇಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಇರುವ ಹೆಸರು ಅದತ್ತಾದಾನ.

ಅಡ್ಡಕ್ಕೆ: ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಒಂದು ಕೋಣೆ, ಮೋರಿಯ ಮೇಲೆ ಕಾರು ಹತ್ತುವ ಇಳಿಜಾರು, ಕಾಲುದಾರಿಯ ಮೇಲೆ ಹೂಗಿಡಗಳ ಕಟಕಟೆ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಬಿಟ್ಟಿದ್ದ ಓಣಿಗಳಲ್ಲಿ ಎಷ್ಟೋ ಈಗ ಯಾರದೋ ಹಿತ್ತಿಲೊಳಗೆ ಸೇರಿಹೋಗಿವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ನ್ಯಾಯಕ್ಕೆ ವಿರುದ್ಧವಾಗಿ ಪಡೆಯುವುದೂ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದೂ ಸೇರಿವೆ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ಮಾಲೀಕನೇ ಲೆಕ್ಕಹಾಕಿ ಕಟ್ಟುವ ಪದ್ಧತಿ 2000ದಲ್ಲಿ ಬಂದಿತು. ಕಟ್ಟಿದ ಅಡಿಗಳಿಗಿಂತ ಕಡಿಮೆ ಅಡಿಗಳನ್ನು ನಮೂದಿಸುವವನು ತಕ್ಕಡಿಯಲ್ಲಿ ಕಡಿಮೆ ತೂಗುವವನಿಗಿಂತ ಬೇರೆಯವನಲ್ಲ. ಕಟ್ಟಡ ನಿಯಮಗಳ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆಯನ್ನು ಕರ್ನಾಟಕ ಸರ್ಕಾರ ರೂಪಿಸಿತು. ವಾಸದ ಮನೆಗಳಿಗೆ ಸೆಟ್‌ಬ್ಯಾಕ್ ಉಲ್ಲಂಘನೆಯಲ್ಲಿ ಶೇಕಡಾ 50ರವರೆಗೆ ರಿಯಾಯಿತಿಯನ್ನು ಅದರಲ್ಲಿ ಹೇಳಿತ್ತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಸರ್ಕಾರವು ಸಕ್ರಮಗೊಳಿಸಲಿ, ಬಿಡಲಿ. ಕರ್ಮದ ಬಂಧಕ್ಕೆ ದಂಡ ಕಟ್ಟುವ ಕೌಂಟರೊಂದಿಲ್ಲ.

ಕೆಳಕ್ಕೆ: ಇದು ನೀರಿನ ಮಾತು. ನೀರನ್ನು ಸೋಸಿ ಕುಡಿಯುವುದು ಜೈನನ ಗುರುತು ಎಂದು ಹೇಳಿಕೊಳ್ಳುತ್ತೇವೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸಬೇಕೆಂಬುದು ಆ ವಿಧಿಯ ಇನ್ನೊಂದು ಅರ್ಧ. ಎಂದರೆ ನೀರನ್ನು ತೆಗೆದುಕೊಂಡವನಿಗೆ ನೀರಿನ ನೆಲೆಯೊಂದಿಗೆ ಕೊಡುಕೊಳ್ಳುವ ಸಂಬಂಧವಿತ್ತು. ಕೊಳವೆ ಬಾವಿಯಲ್ಲಿ ಕೊಳ್ಳುವುದಷ್ಟೇ ಉಂಟು, ಕೊಡುವುದಿಲ್ಲ. ನೆಲದ ಮೇಲಿನ ಚಕ್ಕುಬಂದಿ ನೆಲದ ಅಡಿಯಲ್ಲಿ ಇರುವುದಿಲ್ಲ. ನಮ್ಮ ನಿವೇಶನದಲ್ಲಿ ಆಳವಾಗಿ ಕೊರೆದಾಗ ಬರುವ ನೀರು ಇಡೀ ಬೀದಿಯದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿಹೋದಾಗ ನೆರೆಯವನಿಗಿಂತ ಇನ್ನಷ್ಟು ಆಳಕ್ಕೆ ಕೊರೆಸುವುದು ಹಲವರಿಗೆ ಪರಿಹಾರವಾಗಿ ತೋರಿತು.

ಇದಕ್ಕೆ ಪ್ರತಿಯಾಗಿ ಒಂದು ಸರಳವಾದ ಲೆಕ್ಕವನ್ನು ನೋಡೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 30 ಅಡಿಗೆ 40 ಅಡಿಯ ನಿವೇಶನದ ಮೇಲೆ ಬೀಳುವ ನೀರು ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು. 40ಕ್ಕೆ 60ರ ನಿವೇಶನದ ಮೇಲೆ ಎರಡು ಲಕ್ಷಕ್ಕೂ ಹೆಚ್ಚು. ಅಂಗಳವನ್ನೆಲ್ಲ ಗ್ರಾನೈಟಿನಿಂದ ಮುಚ್ಚಿದವನು ಅಷ್ಟು ನೀರನ್ನೂ ತಗ್ಗಿನಲ್ಲಿರುವವರ ಬಾಗಿಲಿಗೆ ಕಳುಹಿಸುತ್ತಾನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದುದನ್ನು ಎಲ್ಲರೂ ಕಂಡಿದ್ದೇವೆ. ಕೋಟಿಗಳ ಬೆಲೆಯ ಮನೆಗಳಿಂದಲೂ ಜನರನ್ನು ದೋಣಿಗಳಲ್ಲಿ, ಟ್ರಾಕ್ಟರುಗಳಲ್ಲಿ ಕರೆತರಬೇಕಾಯಿತು. 2009ರ ತಿದ್ದುಪಡಿಯ ಮೂಲಕ ಬೆಂಗಳೂರಿನ ಜಲಮಂಡಳಿಯ ಕಾಯಿದೆಯು ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿತು. ಕಾನೂನಿಗೆ ಅಂಜಿ ಪೈಪೊಂದನ್ನು ತೋರಿಸಿ ಸುಮ್ಮನಾಗುವುದು ಬೇರೆ, ಇಂಗುಗುಂಡಿಯನ್ನು ಶ್ರದ್ಧೆಯಿಂದ ಮಾಡಿಸಿ ನೀರನ್ನು ನೆಲಕ್ಕೆ ಮರಳಿಸುವುದು ಬೇರೆ. ಎರಡನೆಯದನ್ನು ಮಾಡುವವನು ಸೋಸುವ ಬಟ್ಟೆಯ ವಿಧಿಯನ್ನೇ ಇಂದಿನ ಕಾಲಕ್ಕೆ ತಕ್ಕಂತೆ ಆಚರಿಸುತ್ತಿದ್ದಾನೆ. ಮುನಿಸಂಘವು ವಿಹಾರಮಾಡುತ್ತ ನಗರಕ್ಕೆ ಬಂದಾಗ ಆಹಾರದಾನಕ್ಕೆ ಬೇಕಾದ ಬಾವಿಯ ನೀರಿಗಾಗಿ ನಾವು ಬೀದಿ ಬೀದಿ ಅಲೆಯುತ್ತೇವೆ. ಬಾವಿಗಳನ್ನು ಮುಚ್ಚಿ ಅವುಗಳ ಮೇಲೆ ಗ್ಯಾರೇಜನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಆಗಲಾದರೂ ನೆನೆಯಬೇಕು.

ಕೆರೆಯನ್ನು ಬತ್ತಿಸುವ ವೃತ್ತಿಯನ್ನು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕ್ರೂರ ವೃತ್ತಿಗಳಲ್ಲಿ ಸೇರಿಸಿದ್ದಾರೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗ ಕ್ರೀಡಾಂಗಣವಾಯಿತು. ಕೆರೆಯಂಗಳಗಳಲ್ಲಿ ಬಡಾವಣೆಗಳೂ ಎದ್ದಿವೆ. ಕೆರೆಯನ್ನು ಬತ್ತಿಸಿದವನು ನಾನಲ್ಲ, ನಾನು ನಿವೇಶನವನ್ನಷ್ಟೇ ಕೊಂಡೆ ಎನ್ನಬಹುದು. ಆದರೆ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವುದು ನಮ್ಮ ಧರ್ಮ. ಕಡಿಮೆ ಬೆಲೆಗೆ ಸಿಕ್ಕಿತೆಂದು ರಾಜಕಾಲುವೆಯ ಮೇಲಿನ ನಿವೇಶನವನ್ನು ತಿಳಿದೂ ಕೊಳ್ಳುವವನು ಅನುಮೋದನೆಯ ಹಣವನ್ನು ಕೊಟ್ಟವನೇ.

ಖಾಲಿ ನಿವೇಶನದ ಬೆಳೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಬೇರೊಂದು ಬಗೆಯಲ್ಲಿ ಹೇಳಿದ್ದಾರೆ. ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ ಇವು ಅವುಗಳಲ್ಲಿ ಸೇರಿವೆ. ಟೀಕಾಕಾರರಾದ ಪ್ರಭಾಚಂದ್ರರ ವಿವರಣೆಯ ತಾತ್ಪರ್ಯ ಹೀಗಿದೆ: ಮುಂದೆ ಹೆಚ್ಚಿನ ಲಾಭ ಬರುವುದೆಂದು ಕೂಡಿಡುವುದು ಅತಿಸಂಗ್ರಹ, ಮಾರಿದ ಮೇಲೆ, ಇನ್ನಷ್ಟು ಬರಬಹುದಾಗಿತ್ತೆಂದು ಕಂಡು ಕೊರಗುವುದು ಅತಿವಿಸ್ಮಯ, ವಿಶೇಷ ಲಾಭ ಬಂದರೂ ಇನ್ನೂ ಬೇಕೆನ್ನುವುದು ಅತಿಲೋಭ. ಅವರ ಕಣ್ಣ ಮುಂದಿದ್ದುದು ಧಾನ್ಯದ ವ್ಯಾಪಾರಿ. ನಮ್ಮ ಕಣ್ಣ ಮುಂದಿರುವುದು ಹತ್ತು ವರ್ಷಗಳಿಂದ ಪಾಳುಬಿದ್ದ ಮೂಲೆ ನಿವೇಶನ.

ಖಾಲಿ ನಿವೇಶನದ ಬೆಲೆಯು ತಾನಾಗಿ ಏರುವುದಿಲ್ಲ. ಸುತ್ತಲಿನವರು ಸಾಲ ಮಾಡಿ ಮನೆ ಕಟ್ಟಿದರು; ಪಾಲಿಕೆಗೆ ತೆರಿಗೆ ಕೊಟ್ಟು ರಸ್ತೆ, ದೀಪ, ನೀರುಗಳನ್ನು ತರಿಸಿದರು; ಯಾರೋ ಶಾಲೆಯನ್ನು ತೆರೆದರು, ಯಾರೋ ಅಂಗಡಿಯನ್ನು ಇಟ್ಟರು. ಅವರೆಲ್ಲರ ದುಡಿಮೆ ಸೇರಿ ಆ ಪಾಳು ನೆಲದ ಬೆಲೆಯಾಯಿತು. ಪ್ರತಿಯಾಗಿ ಆ ನಿವೇಶನವು ನೆರೆಹೊರೆಗೆ ಕೊಟ್ಟುದು ಪಾರ್ಥೇನಿಯಂ ಗಿಡ, ಕಸದ ರಾಶಿ, ಸೊಳ್ಳೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿವೇಶನ ಹಂಚುವಾಗ ಹತ್ತು ವರ್ಷಗಳ ಗುತ್ತಿಗೆ-ಕ್ರಯದ ಕರಾರನ್ನೂ, ಗೊತ್ತಾದ ಅವಧಿಯಲ್ಲಿ ಮನೆ ಕಟ್ಟಬೇಕೆಂಬ ಷರತ್ತನ್ನೂ ವಿಧಿಸಿದುದು ಈ ಲೋಭವನ್ನು ತಡೆಯುವುದಕ್ಕಾಗಿಯೇ. ಕಟ್ಟಲಾರದವನು ಕಟ್ಟಬಲ್ಲವನಿಗೆ ಬಿಟ್ಟುಕೊಡಲಿ; ಬಿಡಲಾರದವನು ಕಡೆಯ ಪಕ್ಷ ಬೇಲಿ ಹಾಕಿಸಿ, ಕಳೆ ತೆಗೆಸಿ, ನಾಲ್ಕು ಹೊಂಗೆಯ ಸಸಿಗಳನ್ನಾದರೂ ನೆಡಲಿ.

ನೆರೆಯವರನ್ನು ಆಯುವ ಹಕ್ಕು

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ನಮ್ಮ ಸಮಾಜದ ಅನೇಕ ಮನೆಗಳ ಬಾಡಿಗೆ ಫಲಕಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿರುತ್ತದೆ. ಕೆಲವೆಡೆ ಇಡೀ ಕಟ್ಟಡವೇ, ಇಡೀ ಬೀದಿಯೇ ಹಾಗಿರಬೇಕೆಂಬ ಅಪೇಕ್ಷೆಯಿದೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ಉಪನಿಯಮವನ್ನು ಎತ್ತಿಹಿಡಿಯಿತು. ಕಾನೂನು ಒಪ್ಪಬಹುದು. ಧರ್ಮವು ಏನು ಹೇಳುತ್ತದೆ?

ಒಂದೇ ಮಾಡಿನ ಕೆಳಗೆ, ಒಂದೇ ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ವಾಸಿಸುವವರು ತಮ್ಮ ಆಹಾರಶುದ್ಧಿಯನ್ನು ಕಾಪಾಡಿಕೊಳ್ಳಬಯಸುವುದು ಸಹಜ, ಅದನ್ನು ಹೀಗಳೆಯಲಾಗದು. ಮಹಡಿಯ ಮನೆಯನ್ನು ಬಾಡಿಗೆಗೆ ಕೊಡುವಾಗ ಮಾಡುವ ಷರತ್ತು ಚಕ್ಕುಬಂದಿಯ ಒಳಗಿನದು. ಆದರೆ ಪಕ್ಕದ ಮನೆಯ ಮಾಲೀಕನು ಯಾರಿಗೆ ಮಾರಬೇಕು, ಎದುರು ಮನೆಯಲ್ಲಿ ಯಾರಿರಬೇಕು, ಬೀದಿಯ ಕೊನೆಯಲ್ಲಿ ಯಾವ ಅಂಗಡಿ ಇರಬಾರದು ಎಂದು ಹೊರಟಾಗ ನಾವು ನಮ್ಮ ಕ್ರಯಪತ್ರದಲ್ಲಿಲ್ಲದುದನ್ನು ನಮ್ಮದೆಂದುಕೊಳ್ಳುತ್ತಿದ್ದೇವೆ. ಕೊಳ್ಳದೆಯೇ ಬೀದಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಈ ಭಾವವೂ ಮೂರ್ಛೆಯೇ. ಗೋಡೆಯನ್ನು ಒಡೆಯದೆ ಮಾಡುವ ಜೋಡಣೆ ಇದು. ಆಹಾರದ ಹೆಸರಿನಲ್ಲಿ ಆರಂಭವಾದ ಷರತ್ತು ಕ್ರಮೇಣ ಜಾತಿಯ ಕಡೆಗೆ, ಮತದ ಕಡೆಗೆ ಜಾರುವುದನ್ನೂ ನಾವು ಕಾಣದೆ ಇಲ್ಲ.

ಅಣುವ್ರತಗಳು ನಮ್ಮ ಮೇಲೆ ನಾವು ಹಾಕಿಕೊಳ್ಳುವ ಮಿತಿಗಳೇ ಹೊರತು ನೆರೆಯವರ ಮೇಲೆ ಹಾಕುವ ಮಿತಿಗಳಲ್ಲ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಮೈತ್ರಿಯು ಎಲ್ಲ ಜೀವಿಗಳಿಗೂ ಸಲ್ಲತಕ್ಕದ್ದು. ನಮ್ಮ ಮಾತಿಗೆ ಒಪ್ಪದವರ ವಿಷಯದಲ್ಲಿ ಮಾಧ್ಯಸ್ಥ್ಯವನ್ನು ಹೇಳಿದ್ದಾರೆ, ದ್ವೇಷವನ್ನಲ್ಲ. ಸಾಲಿನಲ್ಲಿ ಹತ್ತು ಬಗೆಯ ಮನೆಗಳಿರುವಲ್ಲಿ ಒಂದು ಜೈನ ಮನೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಶಾಂತವಾಗಿರುವುದನ್ನು ಕಂಡು ಅಹಿಂಸೆಯನ್ನು ಅರಿತವರು ಹಲವರು. ಜೈನರೇ ಇರುವ ಬೀದಿಯಲ್ಲಿ ಅದನ್ನು ಕಾಣುವವರು ಯಾರು?

ಬಸದಿಯ ಟ್ರಸ್ಟುಗಳಿಗೆ ಎರಡು ಮಾತು

ಬಸದಿಯ ಆಸ್ತಿಯು ವ್ಯಕ್ತಿಯ ಪರಿಗ್ರಹವಲ್ಲ ಎಂಬುದು ಸರಿ. ಆದರೆ ಟ್ರಸ್ಟಿಗಳ ಮಮತೆ ವ್ಯಕ್ತಿಯ ಮಮತೆಯೇ. ‘ನನಗಾಗಿ ಅಲ್ಲ, ಭಗವಂತನಿಗಾಗಿ’ ಎಂದುಕೊಂಡಾಗ ಲೋಭಕ್ಕೆ ಲಜ್ಜೆ ಹೋಗುತ್ತದೆ. ಯಾತ್ರಿನಿವಾಸಕ್ಕೆಂದು ಪಕ್ಕದ ಮನೆಯನ್ನು ಕೇಳುವಾಗ, ಕೊಡುವುದಿಲ್ಲವೆಂದ ನೆರೆಯವರನ್ನು ಧರ್ಮದ ವಿರೋಧಿಯೆಂದು ಬಗೆಯುವುದು ಉಂಟು. ಪಂಚಕಲ್ಯಾಣದ ಚಪ್ಪರಕ್ಕೆ ರಸ್ತೆಯನ್ನು ಮುಚ್ಚುವಾಗ, ಧ್ವನಿವರ್ಧಕವನ್ನು ಬೆಳಗಿನ ಜಾವಕ್ಕೆ ಹಚ್ಚುವಾಗ, ಅಭಿಷೇಕದ ದಿನ ಬೀದಿಯ ಎರಡು ಬದಿಗೂ ವಾಹನಗಳನ್ನು ನಿಲ್ಲಿಸುವಾಗ ಆ ಬೀದಿಯ ರೋಗಿಯನ್ನೂ, ಪರೀಕ್ಷೆಗೆ ಓದುವ ಮಗುವನ್ನೂ ನೆನೆಯುವುದು ಧರ್ಮಪ್ರಭಾವನೆಯ ಭಾಗವೇ ಆಗಿದೆ. ಟ್ರಸ್ಟಿನ ನಿವೇಶನದಲ್ಲಿ ಇಂಗುಗುಂಡಿಯೂ ತೆರೆದ ಬಾವಿಯೂ ಇರಲಿ. ಬೇಸ್ಮೆಂಟಿನ ಕಲ್ಯಾಣಮಂಟಪಕ್ಕಿಂತ ಅದು ಹೆಚ್ಚು ಶೋಭೆಯನ್ನು ತರುತ್ತದೆ.

ಆಕಿಂಚನ್ಯದ ದಿನ

ಹತ್ತನೆಯ ಶತಮಾನದ ಪಂಪಕವಿಯ ಆದಿಪುರಾಣದಲ್ಲಿಯೂ, ಅದಕ್ಕೆ ಆಕರವಾದ ಜಿನಸೇನಾಚಾರ್ಯರ ಕೃತಿಯಲ್ಲಿಯೂ ಬರುವ ವೃಷಭಾಚಲದ ಪ್ರಸಂಗವನ್ನು ವಾಚಕರು ಬಲ್ಲರು. ಷಟ್ಖಂಡವನ್ನು ಗೆದ್ದ ಭರತ ಚಕ್ರವರ್ತಿಯು ತನ್ನ ಪ್ರಶಸ್ತಿಯನ್ನು ಬರೆಯಿಸಲು ಬೆಟ್ಟಕ್ಕೆ ಹೋದನು. ಅಲ್ಲಿ ಹಿಂದಣ ಚಕ್ರವರ್ತಿಗಳ ಹೆಸರುಗಳು ತುಂಬಿ, ತನ್ನ ಹೆಸರಿಗೆ ಎಡೆಯೇ ಇರಲಿಲ್ಲ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಯಿತು. ಆ ಕ್ಷಣದಲ್ಲಿ ಅವನ ಗರ್ವ ಕರಗಿತು. ನಾವು ಮನೆಯನ್ನು ಕೊಳ್ಳುವಾಗ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸುತ್ತೇವೆ. ಇಂಥವರಿಂದ ಇಂಥವರಿಗೆ, ಅವರಿಂದ ಮತ್ತೊಬ್ಬರಿಗೆ ಎಂದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಕೊನೆಯ ಸಾಲಿನಲ್ಲಿ ನಮ್ಮ ಹೆಸರು. ಅದು ಕೊನೆಯ ಸಾಲಾಗಿಯೇ ಉಳಿಯುವುದಿಲ್ಲ.

ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಪ್ರತಿವರ್ಷವೂ ಬರುತ್ತದೆ; ಪ್ರವಚನವನ್ನು ಕೇಳಿ ಮನೆಗೆ ಬರುತ್ತೇವೆ. ಆ ದಿನ ಮನೆಯವರೆಲ್ಲರೂ ಕುಳಿತು ಬೀರುವಿನಲ್ಲಿರುವ ಕ್ರಯಪತ್ರವನ್ನು ಹೊರತೆಗೆದು ಚಕ್ಕುಬಂದಿಯನ್ನು ಓದಬಹುದು. ಪೂರ್ವದ ರಸ್ತೆಯಿಂದ ನಾವು ಎಷ್ಟು ತೆಗೆದುಕೊಂಡಿದ್ದೇವೆ? ಪಶ್ಚಿಮದವರಿಗೆ ನಮ್ಮ ಗೋಡೆಯಿಂದ ಏನಾಗಿದೆ? ಉತ್ತರದ ಮನೆಯಲ್ಲಿ ಯಾರಿದ್ದಾರೆ, ಅವರ ಬಾಗಿಲಿಗೆ ನಾವು ಹೋಗಿ ಎಷ್ಟು ದಿನಗಳಾದವು? ದಕ್ಷಿಣದ ಓಣಿಯು ಈಗಲೂ ಓಣಿಯಾಗಿಯೇ ಇದೆಯೆ? ಬಳಿಕ ಒಂದು ಹಾಳೆಯಲ್ಲಿ ಬರೆಯಲಿ: ಇಷ್ಟು ಮನೆ ಸಾಕು, ಇಷ್ಟು ಅಂತಸ್ತು ಸಾಕು, ಇಷ್ಟು ನೀರು ಸಾಕು. ಹಸಿವಿದ್ದಾಗ ಊಟದ ಮಿತಿಯನ್ನು ಹಾಕಿಕೊಳ್ಳುವುದು ಕಷ್ಟ. ಪಕ್ಕದ ಮನೆ ಮಾರಾಟಕ್ಕೆ ಬಂದ ದಿನ ಮಿತಿಯನ್ನು ಹಾಕಿಕೊಳ್ಳುವುದೂ ಹಾಗೆಯೇ. ಆದ್ದರಿಂದ ಆ ಹಾಳೆಯನ್ನು ಇಂದೇ ಬರೆದು ಕ್ರಯಪತ್ರದೊಂದಿಗೆ ಇಡುವುದು ಲೇಸು. ಮುಂದೆ ಮಕ್ಕಳು ಆ ಕಡತವನ್ನು ಬಿಚ್ಚಿದಾಗ ನಾವು ಎಷ್ಟನ್ನು ಗಳಿಸಿದೆವೆಂಬುದು ಒಂದು ಕಾಗದದಿಂದಲೂ, ಎಲ್ಲಿ ನಿಂತೆವೆಂಬುದು ಇನ್ನೊಂದರಿಂದಲೂ ಅವರಿಗೆ ತಿಳಿಯಲಿ.